ಸದ್ದು ಜೋರು, ಗಾಳಿ ಬಿಸಿ

ಕಾರಿನ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು ಪಕ್ಕಕ್ಕಿಟ್ಟು, ಪೈಪಿನ ತುದಿಗೆ ಶಂಕುವಿನಾಕಾರದ ಕೆಂಪು ಫಿಲ್ಟರ್ ಸಿಕ್ಕಿಸಿ, ಅದಕ್ಕೆ ಕೋಲ್ಡ್ ಏರ್ ಇಂಟೇಕ್ ಎಂದು ಹೆಸರಿಟ್ಟು ಓಡಿಸುವ ಚಾಳಿ ಮಂಡ್ಯ ಜಿಲ್ಲೆಯ ಹುಡುಗರಿಗೂ ಹತ್ತಿದೆ. ಅಂಗಡಿಯ ರೆಡಿ ಕಿಟ್ಟಿಗೆ ದುಡ್ಡು ಸಾಲದೆ ಮನೆಯಲ್ಲೇ ಮಾಡಿಕೊಳ್ಳುವವರೂ ಇದ್ದಾರೆ. ನನ್ನ ಕುತೂಹಲವೆಲ್ಲ ಅವರ ಕೆಲಸದ ಬಗ್ಗೆಯೇ. ಕೈಯಾರೆ ಮಾಡಿದ ವಸ್ತುವಿನಲ್ಲಿ ಮಾಡಿದವನ ಯೋಚನೆ ಕಾಣುತ್ತದೆ, ಆ ಯೋಚನೆ ಎಲ್ಲಿಗೆ ಬಂದು ನಿಂತಿತು ಎಂಬುದೂ ಕಾಣುತ್ತದೆ.

ಅಸಲಿ ಸ್ಪೋರ್ಟ್ಸ್ ಕಾರು ಶ್ರೀರಂಗಪಟ್ಟಣದ ಬೈಪಾಸಿನಲ್ಲಿ ಮೈಸೂರಿನ ಕಡೆ ಸುಯ್ಯೆಂದು ಹೋಗುವಾಗ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸ್ಪೋರ್ಟ್ಸ್ ಕಾರೆಂದರೆ ಎರಡನೇ ಕೈಯಲ್ಲಿ ಕೊಂಡ ಪೋಲೋ ಜಿ.ಟಿ. ಅಥವಾ ಸ್ವಿಫ್ಟು. ಪೋಲೋ ಜಿ.ಟಿ.ಯ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ 105 ಪಿ.ಎಸ್. ಶಕ್ತಿ. ಸ್ವಿಫ್ಟಿನ 1.3 ಲೀಟರ್ ಡೀಸೆಲ್ಲಿಗೆ 75. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಹಗುರ ಕಾರು, ಖಾಲಿ ರಸ್ತೆ, ಇಪ್ಪತ್ತೆರಡರ ವಯಸ್ಸು ಮೂರೂ ಕೂಡಿದರೆ 75 ಪಿ.ಎಸ್. ಕೂಡ ಸ್ಪೋರ್ಟ್ಸೇ.

ಪಾಂಡವಪುರದ ಕಡೆ ನಾನು ಬಾನೆಟ್ ಎತ್ತಿಸಿ ನೋಡಿದ ಒಂದು ಜೋಡಣೆ ಹೀಗಿತ್ತು. ಹೊಲಕ್ಕೆ ನೀರು ಹಾಯಿಸಲು ತಂದ 75 ಎಂ.ಎಂ. ಪಿವಿಸಿ ಪೈಪಿನಲ್ಲಿ ಮಿಕ್ಕ ತುಂಡು, ಅದಕ್ಕೊಂದು ಎಲ್ಬೋ, ಎರಡೂ ಸೇರುವ ಕಡೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ ಬಿಗಿದ ಹೋಸ್ ಕ್ಲಿಪ್ಪು. ಗಾಳಿಯ ಉಷ್ಣತೆ ಅಳೆಯುವ ಸೆನ್ಸರನ್ನು ಪೈಪಿಗೆ ತೂತು ಕೊರೆದು ಕೂರಿಸಿ ಸುತ್ತ ಎಂ-ಸೀಲ್ ಮೆತ್ತಲಾಗಿತ್ತು. ಪೈಪಿಗೆ ಕಪ್ಪು ಸ್ಪ್ರೇ ಪೇಂಟು. ಕೈಕೆಲಸ ಅಚ್ಚುಕಟ್ಟು, ಎಲ್ಲೂ ಗಾಳಿ ಸೋರುವಂತಿರಲಿಲ್ಲ. ಆದರೆ ಆ ಕೆಂಪು ಫಿಲ್ಟರ್ ಕೂತಿದ್ದದ್ದು ರೇಡಿಯೇಟರಿನ ಬೆನ್ನಿಗೆ, ಎಂಜಿನ್ನಿನಿಂದ ಒಂದು ಗೇಣು ದೂರದಲ್ಲಿ. ರೇಡಿಯೇಟರನ್ನು ಹಾದು ಕಾದ ಗಾಳಿ ನೇರ ಅದರ ಮೇಲೇ ಬೀಸುತ್ತಿತ್ತು. ‘ಪಿಕಪ್ ಹೆಂಗ್ ಬಂದದೆ ನೋಡಣ್ಣ’ ಎಂದ ಹುಡುಗ. ಮೆಕ್ಯಾನಿಕ್ಕು ಸ್ಪ್ಯಾನರ್ ಒರೆಸುತ್ತಲೇ, ‘ಸೌಂಡ್ ಬಂದದೆ ಕಣ್ಲ’ ಎಂದರು. ಈ ವಿದ್ಯೆಯ ಬಗ್ಗೆ ಇದಕ್ಕಿಂತ ಚಿಕ್ಕ ವಿಮರ್ಶೆ ಬರೆಯಲಾರೆ.

ದೊಡ್ಡ ವಿಮರ್ಶೆಗೆ ಸ್ವಲ್ಪ ಲೆಕ್ಕ ಬೇಕು. ತಂಪು ಗಾಳಿ ಬಿಸಿ ಗಾಳಿಗಿಂತ ದಟ್ಟ, ಅದೇ ಗಾತ್ರದಲ್ಲಿ ಹೆಚ್ಚು ಆಮ್ಲಜನಕ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದ್ದು ಬಾನೆಟ್ಟಿನೊಳಗೆ 55 ಆಗಿದ್ದರೆ, ಒಳಗಿನ ಗಾಳಿ ಸುಮಾರು ಶೇ. 6ರಷ್ಟು ತೆಳು. 80 ಪಿ.ಎಸ್.ನ ಪೆಟ್ರೋಲ್ ಎಂಜಿನ್ನಿಗೆ ಇದು ಐದು ಪಿ.ಎಸ್.ನ ಮಾತು. ಗಾಳಿ ಕಾದಷ್ಟೂ ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡವಾಗಿ ಹೊತ್ತಿಸುವುದರಿಂದ ನಷ್ಟ ಇನ್ನೂ ಸ್ವಲ್ಪ ಬೆಳೆಯುತ್ತದೆ. ಅಂದರೆ ತತ್ವ ಸುಳ್ಳಲ್ಲ. ಎಡವಟ್ಟಾಗುವುದು ಅದನ್ನು ಜಾರಿಗೆ ತರುವಲ್ಲಿ. ಹುಡುಗ ಕಿತ್ತು ಅಟ್ಟಕ್ಕೆಸೆದ ಪೆಟ್ಟಿಗೆಗೆ ಒಂದು ಮೂಗಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಗ್ರಿಲ್ಲಿನ ಹಿಂದೆ, ರೇಡಿಯೇಟರಿಗಿಂತ ಮುಂದೆ ಬಾಯಿ ತೆರೆದು ಹೊರಗಿನ ಗಾಳಿಯನ್ನೇ ಎಳೆಯುತ್ತದೆ. ತಂಪು ಗಾಳಿಯ ವ್ಯವಸ್ಥೆ ಕಾರ್ಖಾನೆಯಿಂದಲೇ ಬಂದಿತ್ತು. ಅದನ್ನು ತೆಗೆದು ಬಿಸಿ ಗಾಳಿಯ ವ್ಯವಸ್ಥೆ ಕೂರಿಸಿ ತಂಪಿನ ಹೆಸರಿಟ್ಟದ್ದಾಯಿತು. ಸಾಲದ್ದಕ್ಕೆ ಆ ಪಿವಿಸಿ ನೀರಿಗಾಗಿ ಮಾಡಿದ್ದು. 60 ಡಿಗ್ರಿ ದಾಟಿದರೆ ಅದರ ಬಲ ಕುಗ್ಗುತ್ತದೆ, 80ರ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಎ.ಸಿ. ಹಾಕಿಕೊಂಡು ರೈಲ್ವೆ ಗೇಟಿನಲ್ಲಿ ನಿಂತ ಕಾರಿನ ಬಾನೆಟ್ಟಿನೊಳಗೆ ಎಂಜಿನ್ನಿನ ಪಕ್ಕ ಆ ಶಾಖ ಅಪರೂಪವಲ್ಲ.

ಇನ್ನು ‘ಗಾಳಿ ಸಲೀಸಾಗಿ ಬರ್ತದೆ’ ಎಂಬ ವಾದ. ಪೆಟ್ರೋಲ್ ಕಾರಿನಲ್ಲಿ ಗಾಳಿಗೆ ನಿಜವಾದ ಅಡ್ಡಗಟ್ಟೆ ಥ್ರಾಟಲ್ ತಟ್ಟೆ. ಊರಿಂದೂರಿಗೆ ಅರವತ್ತರಲ್ಲಿ ಹೋಗುವಾಗ ಆ ತಟ್ಟೆ ಮುಕ್ಕಾಲು ಮುಚ್ಚಿಯೇ ಇರುತ್ತದೆ. ಅದರ ಹಿಂದೆ ಪೈಪು ಎಷ್ಟು ಅಗಲವಾದರೇನು? ಆಕ್ಸಿಲರೇಟರನ್ನು ಪೂರ್ತಿ ತುಳಿದು 6,000 ಸುತ್ತಿಗೆ ಏರಿಸಿದಾಗ ಮಾತ್ರ 1.2 ಲೀಟರ್ ಎಂಜಿನ್ನು ಸೆಕೆಂಡಿಗೆ ಐವತ್ತು ಅರವತ್ತು ಲೀಟರು ಗಾಳಿ ಕೇಳುತ್ತದೆ. ಆಗ ಫಿಲ್ಟರಿನ ಮಾತು ಬರುತ್ತದೆ. ಡೀಸೆಲ್ಲಿಗಂತೂ ಅಷ್ಟೂ ಇಲ್ಲ. ಡೀಸೆಲ್ ಎಂಜಿನ್ನು ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯಲ್ಲೇ ಉರಿಯುವುದು. ಎಷ್ಟು ಶಕ್ತಿ ಎಂಬುದನ್ನು ತೀರ್ಮಾನಿಸುವುದು ಕಂಪ್ಯೂಟರ್ ಬಿಡುವ ಡೀಸೆಲ್ಲು. ಟರ್ಬೊ ಇರುವ ಕಾರಿನಲ್ಲಿ ಗಾಳಿಯನ್ನು ಟರ್ಬೊ ತಾನೇ ಒತ್ತಿ ಕಾಯಿಸುತ್ತದೆ, ಆಮೇಲೆ ಅದನ್ನು ತಣಿಸುವುದು ಇಂಟರ್‌ಕೂಲರಿನ ಪಾಲು. ಪೈಪು ಮಾಡಿದವನಿಗೆ ಅಲ್ಲಿ ಉಳಿಯುವ ಶ್ರೇಯ ಅಲ್ಪ.

ಹಾಗಾದರೆ ‘ಪಿಕಪ್’ ಎಲ್ಲಿಂದ ಬಂತು? ಸದ್ದಿನಿಂದ. ಕಂಪನಿಯ ಪೆಟ್ಟಿಗೆಗೆ ಹೊಂದಿಕೊಂಡು ಪಕ್ಕದಲ್ಲೊಂದು ಖಾಲಿ ಡಬ್ಬಿ ಇರುವುದುಂಟು. ಎಂಜಿನ್ನು ಗಾಳಿ ಗುಟುಕರಿಸುವ ಗೊರಗೊರ ಸದ್ದನ್ನು ಅಡಗಿಸಲೆಂದೇ ಅದರ ಗಾತ್ರವನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ‘ಇದು ಯಾಕಿದೆಯೋ’ ಎಂದು ಅದನ್ನು ಕಿತ್ತೊಡನೆ ಗುಡುಗು ಕ್ಯಾಬಿನ್ನಿಗೆ ಬರುತ್ತದೆ, ಸವಾರಿಯೇ ಬೇರೆ ಎನ್ನಿಸುತ್ತದೆ. ಈ ಹುಚ್ಚು ಹೊಸದೂ ಅಲ್ಲ. ಪಕ್ಕದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ ಬೈಕು, ಆಮೇಲೆ 1996ರಲ್ಲಿ ಮುಚ್ಚುವವರೆಗೂ ಯೆಜ್ಡಿ ಕಟ್ಟುತ್ತಿತ್ತು. ಅವುಗಳ ಫಿಲ್ಟರ್ ಬಿಚ್ಚಿ ಓಡಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಆ ಟು-ಸ್ಟ್ರೋಕ್ ಬೈಕು ತಪ್ಪಿಗೆ ಸ್ಥಳದಲ್ಲೇ ಶಿಕ್ಷೆ ಕೊಡುತ್ತಿತ್ತು. ಗಾಳಿ ಜಾಸ್ತಿ, ಪೆಟ್ರೋಲು ಅಷ್ಟೇ. ಜೊತೆಗೆ ಹೋಗುವ ಎಣ್ಣೆಯೂ ಅಷ್ಟೇ. ಎಂಜಿನ್ನು ಕಾದು ಪಿಸ್ಟನ್ ಸೀಜ್. ಬುದ್ಧಿವಂತರು ಕಾರ್ಬ್ಯುರೇಟರಿನ ಮೈನ್ ಜೆಟ್ ಬದಲಿಸಿ ಪಾರಾಗುತ್ತಿದ್ದರು. ಇಂದಿನ ಕಾರಿನ ಕಂಪ್ಯೂಟರು ಎಲ್ಲವನ್ನೂ ಒಂದಷ್ಟು ಸರಿದೂಗಿಸಿಕೊಳ್ಳುತ್ತದೆ. ಅದಕ್ಕೇ ಈಗಿನವರಿಗೆ ತಪ್ಪು ಗೊತ್ತಾಗುವುದು ತಡ. ಸದ್ದು ಬೇಕು ಎಂದರೆ ನನ್ನ ತಕರಾರಿಲ್ಲ, ಅದೂ ಒಂದು ಸುಖವೇ. ಸದ್ದನ್ನು ಶಕ್ತಿಯ ಲೆಕ್ಕದಲ್ಲಿ ಬರೆದುಕೊಂಡಾಗ ಮಾತ್ರ ತಕರಾರು.

ತಂಪು ಗಾಳಿ ಎಳೆಯುವ ಒಳ್ಳೆಯ ವ್ಯವಸ್ಥೆ ಹೇಗಿರಬೇಕೆಂದು ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕಿಲ್ಲ, ಪಾಂಡವಪುರದ ಸಕ್ಕರೆ ಕಾರ್ಖಾನೆಗೋ ಕೆ.ಆರ್.ಪೇಟೆಯ ಮಾಕವಳ್ಳಿ ಕಾರ್ಖಾನೆಗೋ ಕಬ್ಬು ಹೊತ್ತು ಹೋಗುವ ಹಳೇ ಟ್ರ್ಯಾಕ್ಟರು ಸಾಕು. ಬಾನೆಟ್ಟಿನ ಮೇಲೆ ಅಣಬೆಯಂತೆ ಎದ್ದು ನಿಂತ ಟೋಪಿಯೇ ಅದರ ಮೂಗು. ಚಕ್ರ ಎಬ್ಬಿಸುವ ಧೂಳಿಗಿಂತ ಮೇಲೆ, ಎಂಜಿನ್ನಿನ ಕಾವಿಗೆ ಹೊರಗೆ. ಒಳನುಗ್ಗುವ ಗಾಳಿಯನ್ನು ಅದರ ಓರೆ ರೆಕ್ಕೆಗಳು ಗಿರ್ರನೆ ತಿರುಗಿಸುತ್ತವೆ. ಭಾರವಾದ ಮಣ್ಣು ಅಂಚಿಗೆ ಸಿಡಿದು ಬಟ್ಟಲಿಗೆ ಬೀಳುತ್ತದೆ. ಉಳಿದ ಗಾಳಿ ಕೆಳಗಿಳಿದು ಎಣ್ಣೆ ತುಂಬಿದ ಇನ್ನೊಂದು ಬಟ್ಟಲಿಗೆ ಬಡಿದು, ಸರಕ್ಕನೆ ಮೇಲಕ್ಕೆ ಹೊರಳಿ, ಎಣ್ಣೆಯಲ್ಲಿ ನೆನೆದ ಜಾಲರಿಯ ಮೂಲಕ ಎಂಜಿನ್ನಿಗೆ ಹೋಗುತ್ತದೆ. ಹೊರಳುವಾಗ ಮಿಕ್ಕ ಧೂಳು ಎಣ್ಣೆಗೆ ಅಂಟುತ್ತದೆ. ಡ್ರೈವರು ಬಟ್ಟಲು ಬಿಚ್ಚಿ ಕೆಸರಾದ ಎಣ್ಣೆ ಚೆಲ್ಲಿ, ಡೀಸೆಲ್ಲಿನಲ್ಲಿ ತೊಳೆದು, ಗುರುತಿನವರೆಗೆ ಹೊಸದನ್ನು ತುಂಬುತ್ತಾನೆ. ಇಲ್ಲಿ ಸೊಗಸಿಗಾಗಿ ಇಟ್ಟದ್ದು ಒಂದೂ ಇಲ್ಲ. ಇದನ್ನು ರೂಪಿಸಿದವರು ಮೊದಲು ಕೇಳಿಕೊಂಡ ಪ್ರಶ್ನೆ: ಬಾಯಿ ಎಲ್ಲಿಡಬೇಕು? ನಮ್ಮ ಹುಡುಗರು ಪೈಪಿನ ಅಗಲ, ಫಿಲ್ಟರಿನ ಬಣ್ಣ ಎಲ್ಲ ಯೋಚಿಸಿದ ಮೇಲೆ, ಜಾಗ ಸಿಕ್ಕ ಕಡೆ ಬಾಯಿ ಇಡುತ್ತಾರೆ.

ಬಾಯಿಯ ಪ್ರಶ್ನೆ ಅರ್ಥವಾದ ಕೆಲವರು ಇನ್ನೊಂದು ಅತಿಗೆ ಹೋಗಿ ಫಿಲ್ಟರನ್ನು ಮುಂದಿನ ಬಂಪರಿನೊಳಗೆ, ಫಾಗ್ ಲ್ಯಾಂಪಿನ ಹಿಂದೆ ಇಳಿಸುತ್ತಾರೆ. ಗಾಳಿ ತಂಪು, ಸರಿ. ಆದರೆ ಸುಗ್ಗಿಯಲ್ಲಿ ನಾಗಮಂಗಲ, ಕೆ.ಆರ್.ಪೇಟೆಯ ಹಳ್ಳಿ ರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿರುತ್ತಾರೆ, ಹೋಗಿಬರುವ ಗಾಡಿಗಳೇ ಒಕ್ಕಬೇಕು. ನೆಲದಿಂದ ಒಂದಡಿ ಎತ್ತರದ ಫಿಲ್ಟರು ಆ ಹೊಟ್ಟನ್ನೂ ಸುಂಕನ್ನೂ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ತೊಳೆದು ಮತ್ತೆ ಬಳಸುವ ಹತ್ತಿ ಬಟ್ಟೆಯ ಫಿಲ್ಟರಿಗೆ ಎಣ್ಣೆ ಹಚ್ಚಬೇಕು. ಕಮ್ಮಿ ಹಚ್ಚಿದರೆ ಸಣ್ಣ ಧೂಳು ದಾಟಿ ಸಿಲಿಂಡರ್ ಸವೆಸುತ್ತದೆ, ಹೆಚ್ಚು ಹಚ್ಚಿದರೆ ಗಾಳಿಯ ತೂಕ ಅಳೆಯುವ ಸೆನ್ಸರಿಗೆ ಎಣ್ಣೆ ಅಂಟಿ ಲೆಕ್ಕ ತಪ್ಪುತ್ತದೆ. ಮಳೆಗಾಲದ ಅಪಾಯ ಇದಕ್ಕೂ ದೊಡ್ಡದು. 2022ರ ಆಗಸ್ಟಿನಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿ ಕಾರುಗಳು ನೀರಿನಲ್ಲಿ ನಿಂತದ್ದನ್ನು ಈ ದಾರಿಯವರು ಮರೆತಿಲ್ಲ. ಬಂಪರಿನ ಮಟ್ಟಕ್ಕೆ ನೀರು ಬಂದರೆ ಆ ಫಿಲ್ಟರು ಗಾಳಿಯ ಬದಲು ನೀರನ್ನೇ ಎಳೆಯುತ್ತದೆ. ಗಾಳಿಯನ್ನು ಒತ್ತಬಹುದು, ನೀರು ಒತ್ತಿಗೆ ಜಗ್ಗದು. ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡು ಬಾಗುತ್ತದೆ. ಆಮೇಲೆ ಎಂಜಿನ್ನನ್ನು ಪೂರ್ತಿ ಬಿಚ್ಚದೆ ವಿಧಿಯಿಲ್ಲ, ಮಾರ್ಪಾಡಿನ ಪೈಪು ಕಂಡ ವಿಮೆಯವರು ಕೈ ಎತ್ತಿದರೆ ಅಚ್ಚರಿಪಡಬೇಕಿಲ್ಲ.

ಕಾನೂನೂ ಇವರ ಕಡೆ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ್ದಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ರಸ್ತೆಯಲ್ಲಿ ತಡೆದವರು ಬಾನೆಟ್ ಎತ್ತಿಸುವುದು ಕಡಿಮೆ ಎಂಬ ಧೈರ್ಯದಲ್ಲಿ ಎಲ್ಲ ನಡೆಯುತ್ತಿದೆ.

ಇಷ್ಟೆಲ್ಲ ಹೇಳಿದರೂ ಈ ಕೈಕೆಲಸವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅಳೆಯುವ ಅಭ್ಯಾಸ ಹುಟ್ಟಿದರೆ ಇದರಿಂದಲೇ ಒಳ್ಳೆಯ ಮೆಕ್ಯಾನಿಕ್ಕುಗಳು ಹುಟ್ಟಬಹುದು. ಅಳೆಯಲು ಬೇಕಾದ್ದು ದುಬಾರಿಯೂ ಅಲ್ಲ. ಗಾರೆ ಕೆಲಸದವರ ಲೆವೆಲ್ ಪೈಪು ಸಾಕು. ಆ ಪಾರದರ್ಶಕ ಕೊಳವೆಯನ್ನು ಉದ್ದನೆಯ ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರಿನ ಆಚೆ, ಎಂಜಿನ್ ಬದಿಯ ಪೈಪಿಗೆ ಸೇರಿಸಿ, ಇನ್ನೊಂದನ್ನು ತೆರೆದಿಡಿ. ಖಾಲಿ ರಸ್ತೆಯಲ್ಲಿ ಒಬ್ಬ ಪೂರ್ತಿ ತುಳಿದಾಗ ಪಕ್ಕದವನು ಎರಡೂ ಕಡೆಯ ನೀರಿನ ಎತ್ತರದ ಅಂತರ ನೋಡಲಿ. ಹತ್ತು ಇಂಚು ಅಂತರ ಬಂದರೂ ಅದು ವಾಯುಮಂಡಲದ ಒತ್ತಡದಲ್ಲಿ ಶೇ. 2.5 ಮಾತ್ರ. ಶ್ರೀರಂಗಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ; ಬರೀ ಆ ಎತ್ತರದಿಂದಲೇ ನಮ್ಮ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 7–8ರಷ್ಟು ಕಡಿಮೆ. ಗಾಳಿ ಕದ್ದವರು ಯಾರೆಂದು ತಿಳಿಯದೆ ಫಿಲ್ಟರ್ ಪೆಟ್ಟಿಗೆಯನ್ನು ಹಿಡಿದು ಬಡಿಯುತ್ತಿದ್ದೇವೆ. ಉಷ್ಣತೆ ನೋಡಲು ಕಾರಿನ ಕಂಪ್ಯೂಟರಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಅಡಾಪ್ಟರು, ಫೋನಿನಲ್ಲೊಂದು ಆ್ಯಪು. ಕಂಪನಿ ಪೆಟ್ಟಿಗೆಯಲ್ಲಿ ಎಷ್ಟು, ಹೊಸ ಪೈಪಿನಲ್ಲಿ ಎಷ್ಟು, ಒಂದೇ ಹೊತ್ತಿಗೆ ಒಂದೇ ರಸ್ತೆಯಲ್ಲಿ ನೋಡಿ ಬರೆದಿಟ್ಟುಕೊಂಡವರನ್ನು ಕಂಡರೆ ನನಗೆ ತಿಳಿಸಿ.

ಹಾಗೆ ಅಳೆದವನು ಕೊನೆಗೆ ಮಾಡುವ ಕೆಲಸ ಸಣ್ಣದಿರುತ್ತದೆ. ಕಾಗದದ ಫಿಲ್ಟರನ್ನೂ ಮುಚ್ಚಿದ ಪೆಟ್ಟಿಗೆಯನ್ನೂ ಹಾಗೇ ಉಳಿಸಿಕೊಳ್ಳುತ್ತಾನೆ. ಮೊದಲು ಪೆಟ್ಟಿಗೆ ಬಿಚ್ಚಿ ನೋಡುತ್ತಾನೆ. ಕಣದ ಪಕ್ಕ, ಹುಲ್ಲಿನ ಮೆದೆಯ ಪಕ್ಕ ನಿಲ್ಲುವ ಕಾರಾದರೆ ಇಲಿ ಒಳಗೆ ಬತ್ತದ ಹೊಟ್ಟು ತಂದು ಸಂಸಾರ ಹೂಡಿರುವುದು ಹೊಸ ಸಂಗತಿಯಲ್ಲ, ಅದನ್ನು ಗುಡಿಸಿದರೇ ಅರ್ಧ ಪಿಕಪ್ ವಾಪಸ್. ಬಿರುಕು ಬಿಟ್ಟ ಮೂಗನ್ನು ಬದಲಿಸುತ್ತಾನೆ, ಅದರ ಬಾಯಿ ಗ್ರಿಲ್ಲಿನ ಹಿಂದೆ ಸರಿಯಾಗಿ, ಎತ್ತರದಲ್ಲೇ ಕೂರುವಂತೆ ನೋಡಿಕೊಳ್ಳುತ್ತಾನೆ. ಎಂಜಿನ್ ಕಡೆಯ ಬದಿಗೆ ತಗಡಿನ ಒಂದು ಮರೆ. ನಾಗಮಂಗಲದಂಥ ಲೋಹದ ಕೆಲಸಕ್ಕೆ ಹೆಸರಾದ ಊರಿನ ಸುತ್ತ ತಗಡು ಬಗ್ಗಿಸುವ ಕೈಗಳಿಗೆ ಬರವಿಲ್ಲ. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಕೆಲವು ಡಿಗ್ರಿ ಉಳಿದೀತು, ಕಾಯ್ದೆಯ ಕಣ್ಣಿಗೂ ಅಷ್ಟಾಗಿ ಚುಚ್ಚದು. ಇಂಥ ಜೋಡಣೆಯನ್ನು ಮಾಡಿಸುವವರು ಕಡಿಮೆ. ಬಾನೆಟ್ ಎತ್ತಿದರೆ ಗೆಳೆಯರಿಗೆ ತೋರಿಸಲು ಅಲ್ಲಿ ಏನೂ ಇರುವುದಿಲ್ಲ, ಸ್ಟಾರ್ಟ್ ಮಾಡಿದರೆ ಸದ್ದೂ ಬರುವುದಿಲ್ಲ.