ಕಿವಿಗೊಡದ ಮಾತು: ಅಗಾಥಾ ಕ್ರಿಸ್ಟಿಯವರ ಒಂದು ದ್ವೀಪದ ಕಥೆ

ಕೊಲೆಯ ಕಥೆಯನ್ನು ಓದಿ ಮನಸ್ಸು ಹಗುರವಾಗುವುದೆಂದರೆ ವಿಚಿತ್ರವಾಗಿಯೇ ತೋರುವುದು. ಆದರೂ ಇಂಗ್ಲಿಷ್ ಭಾಷೆಯಲ್ಲಿ ಅಂತಹ ಕಥೆಗಳದೊಂದು ದೊಡ್ಡ ಪಂಗಡವೇ ಇದೆ. ಅವುಗಳಲ್ಲಿ ಹೆಣವುಂಟು, ರಕ್ತದ ವರ್ಣನೆಯಿಲ್ಲ, ಅಪರಾಧವುಂಟು, ಬೀಭತ್ಸವಿಲ್ಲ. ಒಂದು ಹಳ್ಳಿ, ಒಂದು ಬಂಗಲೆ, ಇಲ್ಲವೆ ಒಂದು ಹೋಟೆಲು. ಅಲ್ಲಿ ಒಬ್ಬರಿಗೊಬ್ಬರು ಪರಿಚಿತರಾದ ಹತ್ತು ಹನ್ನೆರಡು ಜನ. ಅವರೊಳಗೆ ಒಬ್ಬ ಕೊಲೆಗಾರ. ಕೊನೆಗೆ ಸತ್ಯವು ಹೊರಬಿದ್ದು ಕದಡಿದ ನೀರು ಮತ್ತೆ ತಿಳಿಯಾಗುತ್ತದೆ. ಈ ತಿಳಿಯಾಗುವಿಕೆಯೇ ವಾಚಕರಿಗೆ ದೊರೆಯುವ ಸುಖ. ಆ ಸುಖವು ನ್ಯಾಯದಿಂದ ಬಂದುದೇ, ಅಥವಾ ಯಾರನ್ನಾದರೂ ಮರೆತು ಪಡೆದುದೇ ಎಂಬುದು ವಿಚಾರಿಸತಕ್ಕ ವಿಷಯ. ಅಗಾಥಾ ಕ್ರಿಸ್ಟಿಯವರ (1890–1976) ‘ಎ ಕೆರೀಬಿಯನ್ ಮಿಸ್ಟರಿ’ ಎಂಬ ಕಾದಂಬರಿಯು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಈ ಗ್ರಂಥವು 1964ರಲ್ಲಿ ಪ್ರಕಟವಾಯಿತು. ಇದರ ನಾಯಿಕೆ ಮಿಸ್ ಮಾರ್ಪಲ್. 1930ರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿಯಿಂದಲೇ ವಾಚಕರಿಗೆ ಪರಿಚಿತಳಾದ ಈ ಅವಿವಾಹಿತ ವೃದ್ಧೆಗೆ ಉಣ್ಣೆಯ ಹೆಣಿಗೆಯೇ ಕಾಲಕ್ಷೇಪ. ಸೇಂಟ್ ಮೇರಿ ಮೀಡ್ ಎಂಬ ಇಂಗ್ಲೆಂಡಿನ ಹಳ್ಳಿಯೇ ಪ್ರಪಂಚ. ಎದುರಿಗೆ ಬಂದ ಯಾರನ್ನೇ ಆಗಲಿ ತನ್ನ ಹಳ್ಳಿಯ ಒಬ್ಬರಿಗೆ ಹೋಲಿಸಿ, ಆ ಹೋಲಿಕೆಯಿಂದ ಅವರ ಸ್ವಭಾವವನ್ನು ಅಳೆಯುವುದು ಆಕೆಯ ಕ್ರಮ. ಮನುಷ್ಯಸ್ವಭಾವವು ಎಲ್ಲಿಯೂ ಒಂದೇ ಎಂಬ ನಂಬಿಕೆ ಈ ಕ್ರಮದ ಬುನಾದಿ. ಪುಪ್ಪುಸದ ಬೇನೆಯಿಂದ ನರಳಿ ಎದ್ದ ಆಕೆಯನ್ನು ಸಾಹಿತಿಯಾದ ಸೋದರಳಿಯನು ಬಿಸಿಲಿನ ಸೌಖ್ಯಕ್ಕೆಂದು ವೆಸ್ಟ್ ಇಂಡೀಸಿನ ಸೇಂಟ್ ಆನರೇ ಎಂಬ ಕಲ್ಪಿತ ದ್ವೀಪಕ್ಕೆ ಕಳುಹಿಸಿದ್ದಾನೆ. ಅಲ್ಲಿನ ಗೋಲ್ಡನ್ ಪಾಮ್ ಹೋಟೆಲಿನಲ್ಲಿ ಸಮುದ್ರವಿದೆ, ತಾಳೆಯ ಮರಗಳಿವೆ. ಆದರೆ ಪ್ರತಿದಿನವೂ ಹಿಂದಿನ ದಿನದಂತೆಯೇ ಇದೆ. ಮುದುಕಿಗೆ ಬೇಸರವಾಗತೊಡಗಿದೆ.

ಕಥೆಯು ಒಂದು ಅಲಕ್ಷ್ಯದಿಂದ ಪ್ರಾರಂಭವಾಗುತ್ತದೆ. ಮೇಜರ್ ಪಾಲ್ಗ್ರೇವ್ ಎಂಬ ನಿವೃತ್ತ ಸೇನಾಧಿಕಾರಿಯು ತನ್ನ ಹಳೆಯ ಅನುಭವಗಳನ್ನು ಸಿಕ್ಕಸಿಕ್ಕವರಿಗೆ ಹೇಳುವ ಚಾಳಿಯವನು. ಅವನನ್ನು ಕಂಡರೆ ಜನ ತಪ್ಪಿಸಿಕೊಳ್ಳುತ್ತಾರೆ. ಮಿಸ್ ಮಾರ್ಪಲ್ ಎದ್ದುಹೋಗುವುದಿಲ್ಲ. ಹೆಣಿಗೆಯ ನಡುನಡುವೆ ಹೂಂಗುಟ್ಟುತ್ತಾಳೆ. ಮನಸ್ಸು ಮಾತ್ರ ತನ್ನ ಹಳ್ಳಿಯಲ್ಲಿದೆ. ಮೇಜರನು ಶಿಕ್ಷೆಗೆ ಸಿಕ್ಕದೆ ತಪ್ಪಿಸಿಕೊಂಡ ಒಬ್ಬ ಕೊಲೆಗಾರನ ಸಂಗತಿಯನ್ನೆತ್ತುತ್ತಾನೆ. ಆ ವ್ಯಕ್ತಿಯ ಭಾವಚಿತ್ರವನ್ನು ತೋರಿಸಲು ಚೀಲದಿಂದ ತೆಗೆಯುತ್ತಾನೆ. ಆಕೆಯ ಭುಜದಾಚೆಗೆ ಏನನ್ನೋ ಕಂಡು ಬೆಚ್ಚುತ್ತಾನೆ. ಚಿತ್ರವನ್ನು ಮರೆಮಾಡಿ ಬೇರೆ ಮಾತಿಗೆ ಹೊರಳುತ್ತಾನೆ. ಮರುದಿನ ಬೆಳಿಗ್ಗೆ ಅವನು ಹೆಣವಾಗಿದ್ದಾನೆ. ರಕ್ತದೊತ್ತಡದ ಔಷಧಿಯ ಸೀಸೆಯೊಂದು ಅವನ ಕೋಣೆಯಲ್ಲಿದೆ, ಭಾವಚಿತ್ರವು ಇಲ್ಲ. ವಯಸ್ಸಾದವನು, ರೋಗಿ, ಸತ್ತನು ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಸಮಾಧಾನವಿಲ್ಲದವಳು ಮಿಸ್ ಮಾರ್ಪಲ್ ಒಬ್ಬಳೇ.

ಈ ಸನ್ನಿವೇಶದಲ್ಲಿಯೇ ಕಾದಂಬರಿಯ ಬೆಲೆಯು ಅಡಗಿದೆ. ಸಾಮಾನ್ಯ ಪತ್ತೇದಾರನು ತಾನು ಕಾಣದ ಸಂಗತಿಯನ್ನು ಹುಡುಕುತ್ತಾನೆ. ಇಲ್ಲಿ ಹುಡುಕಬೇಕಾದುದು ತಾನೇ ಕೇಳಿಯೂ ಕೇಳದೆ ಬಿಟ್ಟ ಮಾತು. ಮೇಜರನು ಹೇಳಿದ್ದೇನು, ಯಾವ ಕಥೆಯ ತರುವಾಯ ಯಾವ ಕಥೆ, ನೋಡಿದ್ದು ಯಾರನ್ನು ಎಂದು ಮುದುಕಿಯು ಮತ್ತೆ ಮತ್ತೆ ನೆನಪನ್ನು ಕೆದಕುತ್ತಾಳೆ. ಕಳೆದ ಚಿತ್ರವನ್ನು ಪಡೆಯಲು ಅದು ತನ್ನ ಸೋದರಳಿಯನದೆಂದು ವೈದ್ಯನೊಡನೆ ಸುಳ್ಳನ್ನೂ ಆಡುತ್ತಾಳೆ. ಆಕೆಯ ಶೋಧನೆಯು ಕುತೂಹಲಕ್ಕಿಂತ ಮಿಗಿಲಾಗಿ ಒಂದು ಪ್ರಾಯಶ್ಚಿತ್ತದಂತೆ ಕಾಣುತ್ತದೆ. ಕೊಲೆಗಾರನ ಹೆಸರನ್ನು ಹೇಳಿ ವಾಚಕರ ಸುಖವನ್ನು ಕೆಡಿಸುವುದು ಉಚಿತವಲ್ಲ. ಆದರೆ ಬೀಗದ ಕೈ ಎಲ್ಲರ ಕಣ್ಣೆದುರಿಗೇ, ಮೇಜರನ ಮುಖದಲ್ಲಿಯೇ ಇತ್ತು ಎಂದಷ್ಟು ಹೇಳಬಹುದು. ಬೇಸರದ ಮನುಷ್ಯನನ್ನು ಯಾರೂ ಸರಿಯಾಗಿ ಕೇಳುವುದಿಲ್ಲ, ಸರಿಯಾಗಿ ನೋಡುವುದೂ ಇಲ್ಲ. ಈ ಲೋಕಾನುಭವದ ಮೇಲೆ ಇಡೀ ಕಟ್ಟಡವನ್ನು ನಿಲ್ಲಿಸಿರುವುದು ಗ್ರಂಥಕರ್ತ್ರಿಯ ಜಾಣ್ಮೆಗೆ ಸಾಕ್ಷಿ.

ಇದೇ ಅಳತೆಗೋಲಿನಿಂದ ಗ್ರಂಥವನ್ನು ಅಳೆದರೆ ಒಂದು ಕೊರತೆಯು ಕಾಣಿಸುತ್ತದೆ. ಮೇಜರನ ಕೋಣೆಯಲ್ಲಿ ಆ ಸೀಸೆಯು ಮೊದಲು ಇರಲಿಲ್ಲವೆಂಬುದನ್ನು ಗುರುತಿಸಿದವಳು ವಿಕ್ಟೋರಿಯಾ ಜಾನ್ಸನ್. ಕೋಣೆಗಳನ್ನು ಓರಣಗೊಳಿಸುವ ದ್ವೀಪದ ಹೆಂಗಸು. ವೈದ್ಯರೂ ಅತಿಥಿಗಳೂ ಕಾಣದುದನ್ನು ಕಂಡವಳು ಆಕೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ ಆಕೆಯ ಮಾತಿಗೆ ತಕ್ಕಷ್ಟು ಬೆಲೆ ಬರುವ ಮೊದಲೇ ಚೂರಿಗೆ ಬಲಿಯಾಗುತ್ತಾಳೆ. ಅತಿಥಿಗಳ ದಾಂಪತ್ಯಕಲಹಗಳಿಗೆ ಅಧ್ಯಾಯಗಳುಂಟು. ವಿಕ್ಟೋರಿಯಾಳ ಮನೆಯ ದುಃಖಕ್ಕೆ ಕೆಲವು ಸಾಲುಗಳ ಮೇಲೆ ಸ್ಥಳವಿಲ್ಲ. ಆಕೆಯ ಮರಣವು ಮೇಜರನ ಮರಣದ ರಹಸ್ಯಕ್ಕೆ ಒಂದು ಪುರಾವೆಯಾಗಿ ಒದಗುತ್ತದೆ, ಕರುಣರಸಕ್ಕೆ ವಿಷಯವಾಗುವುದಿಲ್ಲ.

ದ್ವೀಪದ ಗತಿಯೂ ಇದೇ. ಹೋಟೆಲಿನಲ್ಲಿ ರಾತ್ರಿ ಸ್ಟೀಲ್ ಬ್ಯಾಂಡಿನ ವಾದನವಿದೆ. ಟ್ರಿನಿಡಾಡಿನ ಬಡಜನರು ಎಣ್ಣೆಯ ಪೀಪಾಯಿಗಳನ್ನು ತಟ್ಟಿ ಹದಗೊಳಿಸಿ ಸ್ವರ ಹೊರಡಿಸಿದ ಅಪೂರ್ವ ವಾದ್ಯವದು. ಮಿಸ್ ಮಾರ್ಪಲ್‌ಗೆ ಅದು ಕರ್ಕಶವಾದ ಗದ್ದಲ. ಮುದುಕಿಯ ಅಭಿರುಚಿಯೆಂದು ಇದನ್ನು ಕ್ಷಮಿಸಬಹುದು. ಆದರೆ ಗ್ರಂಥವೂ ಆಕೆಗಿಂತ ಹೆಚ್ಚಾಗಿ ಕಿವಿಗೊಡುವುದಿಲ್ಲ. ಜಮೈಕಾ ಮತ್ತು ಟ್ರಿನಿಡಾಡ್ ದ್ವೀಪಗಳು 1962ರಲ್ಲಿಯೇ ಸ್ವತಂತ್ರವಾಗಿದ್ದವು. ಕಬ್ಬಿನ ತೋಟಗಳಿಗೆಂದು ಆಫ್ರಿಕದಿಂದ ಸೆರೆತಂದ ಜನರ ಸಂತತಿಯವರು ಆ ನಾಡುಗಳಲ್ಲಿ ಹೊಸ ಬಾಳನ್ನು ಕಟ್ಟುತ್ತಿದ್ದ ಕಾಲವದು. ಅದರ ಸದ್ದು ಗೋಲ್ಡನ್ ಪಾಮಿನ ಅಂಗಳದವರೆಗೆ ಬರುವುದಿಲ್ಲ.

ಪತ್ತೇದಾರಿ ಕಥೆಯಿಂದ ಚರಿತ್ರೆಯನ್ನು ಬಯಸುವುದು ಔಚಿತ್ಯವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಲ್ಲ. ಪಾತ್ರಗಳ ಸುತ್ತ ಬೇಲಿ ಹಾಕುವುದು ಈ ಜಾತಿಯ ಕಥೆಗೆ ಅವಶ್ಯಕ, ಬೇಲಿಯಿಲ್ಲದೆ ಒಗಟಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಚರಿತ್ರೆಯನ್ನಲ್ಲ. ಗ್ರಂಥವೇ ಎತ್ತಿಹಿಡಿದ ಧರ್ಮವನ್ನು. ಬೇಸರದ ಮುದುಕನ ಮಾತನ್ನು ಕೇಳದಿದ್ದುದು ತಪ್ಪಾದರೆ, ಬೇಲಿಯೊಳಗೇ ಪ್ರತಿದಿನ ಕೆಲಸಮಾಡುತ್ತಿದ್ದ ಹೆಂಗಸಿನ ಮಾತನ್ನು ಕೇಳದಿದ್ದುದೂ ತಪ್ಪೇ.

ಇಷ್ಟಾದರೂ ಗ್ರಂಥದ ಗುಣವು ದೋಷವನ್ನು ಮೀರುತ್ತದೆ. ಕಾಲು ಸೋತ, ಒರಟು ನಾಲಗೆಯ ಧನಿಕ ರಾಫಿಯಲ್ ಮೊದಲು ಮುದುಕಿಯನ್ನು ಹಗುರವಾಗಿ ಎಣಿಸಿ, ಬರಬರುತ್ತ ಆಕೆಯ ಬುದ್ಧಿಗೆ ಮಾರುಹೋಗುವ ಪರಿಯು ಹೃದ್ಯವಾಗಿದೆ. ಕೊನೆಯ ರಾತ್ರಿ ತಲೆಗೆ ಗುಲಾಬಿ ಬಣ್ಣದ ಉಣ್ಣೆಯ ವಸ್ತ್ರ ಸುತ್ತಿಕೊಂಡು ಅವನನ್ನು ಎಬ್ಬಿಸಿ, ತಾನೇ ನೆಮಿಸಿಸ್, ಎಂದರೆ ಗ್ರೀಕರ ದಂಡದೇವತೆ, ಎಂದು ಹೇಳುವ ಆಕೆಯ ರೂಪದಲ್ಲಿ ಹಾಸ್ಯಾದ್ಭುತಗಳೆರಡೂ ಬೆರೆತಿವೆ. ಅದೇ ಹೆಸರಿನ ಕಾದಂಬರಿಯನ್ನು ಕ್ರಿಸ್ಟಿಯವರು 1971ರಲ್ಲಿ ಬರೆದರು. ತೀರಿಕೊಂಡ ರಾಫಿಯಲ್ ಅದರಲ್ಲಿ ಒಂದು ನ್ಯಾಯಕಾರ್ಯವನ್ನು ಇದೇ ಮುದುಕಿಗೆ ಒಪ್ಪಿಸಿರುತ್ತಾನೆ.

ಮನೆಮಂದಿಯೆಲ್ಲರೂ ಸಂಕೋಚವಿಲ್ಲದೆ ಓದತಕ್ಕ ಪುಸ್ತಕವಿದು. ಒಗಟನ್ನು ಬಿಡಿಸಿದ ಸಂತೋಷದಲ್ಲಿ ಪುಸ್ತಕವನ್ನು ಮುಚ್ಚುವ ವಾಚಕರು, ಸೀಸೆಯು ಅಲ್ಲಿರಲಿಲ್ಲವೆಂದು ಮೊದಲು ಹೇಳಿದವಳು ಯಾರೆಂಬುದನ್ನು ಒಮ್ಮೆ ನೆನೆದರೆ, ಗ್ರಂಥವು ಕಲಿಸಹೊರಟ ಪಾಠವನ್ನು ಗ್ರಂಥಕ್ಕಿಂತ ಚೆನ್ನಾಗಿ ಕಲಿತಂತಾಗುವುದು.