ಗುಳ್ಳೆ ಎದ್ದಲ್ಲಿ ತೂತು

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ನವಲಗುಂದ, ಅಣ್ಣಿಗೇರಿ ಕಡೆ ಅದನ್ನಿನ್ನೂ ಜತನದಿಂದ ಓಡಿಸುವವರಿಗೆ ರೇಡಿಯೇಟರ್ ಮಿಸ್ತ್ರಿಯೇ ಆಸರೆ. ನೀರು ಸೋರುತ್ತಿದೆ ಎಂದ ಕೂಡಲೇ ಅವರು ಬೆಸುಗೆಗೆ ಕೈಹಾಕುವುದಿಲ್ಲ. ಹೋಸ್ ಪೈಪಿನ ಕ್ಲಿಪ್ಪು, ಮುಚ್ಚಳದ ರಬ್ಬರು, ವಾಟರ್ ಪಂಪಿನ ಅಡಿಯ ಸಣ್ಣ ತೂತು ಎಲ್ಲವನ್ನೂ ಬೆರಳಿನಿಂದ ಸವರಿ ನೋಡುತ್ತಾರೆ. ಎಲ್ಲೂ ಹಸಿಯಿಲ್ಲದೆ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ರೇಡಿಯೇಟರನ್ನೇ ಬಿಚ್ಚಬೇಕಾದರೆ, ಅದರ ಬಾಯಿಗಳನ್ನು ಬಿಗಿದು ತೊಟ್ಟಿಯ ನೀರಲ್ಲಿ ಮುಳುಗಿಸಿ ಗಾಳಿ ಹಾಕುತ್ತಾರೆ. ಗುಳ್ಳೆ ಎದ್ದಲ್ಲೇ ತೂತು. ಹಿತ್ತಾಳೆ ಹೊಳೆಯುವವರೆಗೆ ಕೆರೆದು, ತವರ-ಸೀಸದ ಬೆಸುಗೆ ಹರಿಸುವ ಆ ಕೈ ಅಕ್ಕಸಾಲಿಗರ ಕೈಗೆ ಸಮ. ಕಾವು ತುಸು ಹೆಚ್ಚಾದರೂ ಪಕ್ಕದ ಬೆಸುಗೆ ಬಿಟ್ಟೀತು! ಈಗಿನ ಪ್ಲಾಸ್ಟಿಕ್-ಅಲ್ಯೂಮಿನಿಯಂ ರೇಡಿಯೇಟರುಗಳು ಇಂಥ ಆರೈಕೆಗೆ ಒಗ್ಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಕೊಳವೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ, ಕೂಲಂಟೇ ಹಾಕಿರಿ ಎಂದು ಕೊನೆಗೆ ಮಿಸ್ತ್ರಿ ಹೇಳಿ ಕಳಿಸುತ್ತಾರೆ.