ಮಿಶಿಮನ ಹೊನ್ನಿನ ಮಂದಿರ

ಕ್ಯೋಟೋ ನಗರಕ್ಕೆ ಹೋದ ಪ್ರವಾಸಿ ಕಿನ್‌ಕಾಕುಜಿಯನ್ನು ನೋಡದೆ ಹಿಂತಿರುಗುವುದು ಅಪರೂಪ. ಕೊಳದ ಅಂಚಿನಲ್ಲಿ ಮೂರಂತಸ್ತಿನ ಮಂದಿರ. ಮೇಲಿನ ಎರಡಕ್ಕೆ ಚಿನ್ನದ ರೇಕು. ನೀರಿನಲ್ಲಿ ಅದರ ಬಿಂಬ. ಆದರೆ ಅವನು ನೋಡುವುದು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಅಶಿಕಾಗಾ ಯೋಶಿಮಿತ್ಸು ಕಟ್ಟಿಸತೊಡಗಿದ ಕಟ್ಟಡವನ್ನಲ್ಲ. ಅದನ್ನು ೧೯೫೦ರ ಜುಲೈಯಲ್ಲಿ ಅಲ್ಲಿಯ ಕಿರಿಯ ಸಂನ್ಯಾಸಿಯೊಬ್ಬನೇ ಸುಟ್ಟನು. ಈಗಿನದು ೧೯೫೫ರದು, ಅದರ ಚಿನ್ನ ೧೯೮೭ರದು.

ಈ ಬೆಂಕಿಯನ್ನೇ ವಸ್ತುವಾಗಿಸಿ ಯುಕಿಯೋ ಮಿಶಿಮ ೧೯೫೬ರಲ್ಲಿ ಕಾದಂಬರಿ ಬರೆದನು. ೧೯೫೯ರಲ್ಲಿ ಐವನ್ ಮಾರಿಸ್ ಅದನ್ನು ಇಂಗ್ಲಿಷಿಗೆ ತಂದನು. ತೊದಲುವ ನಾಯಕ ಮಿಜೋಗುಚಿ ತಂದೆಯ ಬಾಯಿಂದ ಮಂದಿರದ ವರ್ಣನೆ ಕೇಳಿ ಬೆಳೆದವನು. ಕಣ್ಣಾರೆ ಕಂಡಾಗ ನಿರಾಶನಾಗುತ್ತಾನೆ: ಕಪ್ಪಿಟ್ಟ ಹಳೆಯ ಕಟ್ಟಡ, ಅಷ್ಟೆ! ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ಮಾದರಿಯೇ ಅವನಿಗೆ ಹೆಚ್ಚು ಹಿಡಿಸುತ್ತದೆ. ಊರಿಗೆ ಮರಳಿದ ಮೇಲೆ ಮಂದಿರ ಮನಸ್ಸಿನಲ್ಲಿ ಮತ್ತೆ ಬೆಳೆದು, ಅವನಿಗೂ ಬದುಕಿಗೂ ನಡುವೆ ಅಡ್ಡ ನಿಲ್ಲುತ್ತದೆ. ಪ್ರೇಕ್ಷಣೀಯ ಸ್ಥಳಗಳ ವಿಷಯದಲ್ಲಿ ಇಷ್ಟು ನಿಜವನ್ನು ಪ್ರವಾಸದ ಕೈಪಿಡಿಗಳು ಹೇಳುವುದಿಲ್ಲ. ಇಂದಿನ ಪ್ರವಾಸಿಗೆ ಕಾಣುವುದು ಆ ಹುಡುಗ ಕಂಡ ಮಂದಿರವಲ್ಲ, ಅವನು ಕಲ್ಪಿಸಿಕೊಂಡದ್ದು.

ಗೆಳೆಯ ಕಾಶಿವಾಗಿಯ ಉದ್ದುದ್ದ ತತ್ತ್ವಭಾಷಣಗಳು ಬೇಸರ ತರಿಸುತ್ತವೆ, ನಿಜ. ಮುಕ್ತಾಯ ಮಾತ್ರ ಎದೆ ನಡುಗಿಸುವಂಥದು. ನಿಜಜೀವನದ ಅಪರಾಧಿ ಹಿಂದಿನ ಗುಡ್ಡದಲ್ಲಿ ಸಾಯಲೆತ್ನಿಸಿದನು. ಮಿಶಿಮನ ನಾಯಕನೋ, ತಂದಿದ್ದ ಚಾಕನ್ನೂ ನಿದ್ರೆಯ ಗುಳಿಗೆಗಳನ್ನೂ ಎಸೆದು ಸಿಗರೇಟು ಹಚ್ಚಿ, ಬದುಕಬೇಕೆಂದುಕೊಳ್ಳುತ್ತಾನೆ. ಐನೂರು ವರ್ಷ ಬಾಳಿದ ಕಟ್ಟಡ ಕೆಳಗೆ ಉರಿಯುತ್ತಿರುವಾಗ ಓದುಗನಿಗೆ ಸಿಟ್ಟು ಬರಬೇಕು. ಬರುವುದಿಲ್ಲ, ಹುಡುಗನೊಡನೆ ಅವನೂ ಹಗುರವಾಗಿ ಉಸಿರಾಡುತ್ತಾನೆ.